ಮೊಮ್ಮಕ್ಕಳ ಚಿತ್ರವಿದ್ದ ಬೆಳ್ಳಿ ಕಾಸು

ಮಕ್ಕಳೇ, ಮುಷ್ಟಿ ಕಟ್ಟಿದ ಕೈಯ ಚಿತ್ರವಿರುವ ಐವತ್ತು ಪೈಸೆ ಮನೆಯಲ್ಲಿದ್ದರೆ ಅಜ್ಜಿಯನ್ನು ಕೇಳಿ ತೆಗೆಸಿಕೊಳ್ಳಿ. ಅಂಗೈಯಲ್ಲಿಟ್ಟು ನೋಡಿ. ಎರಡು ಸಾವಿರ ವರ್ಷದ ಹಿಂದಿನ ರೋಮ್ ದೇಶದ ಬೆಳ್ಳಿ ನಾಣ್ಯವೂ ಹೆಚ್ಚುಕಡಿಮೆ ಇಷ್ಟೇ ಅಗಲ, ಇಷ್ಟೇ ತೂಕ. ಅದರ ಹೆಸರು ದಿನಾರಿಯಸ್.

ಅದನ್ನು ನೋಡಲು ರೋಮ್‌ಗೇ ಹೋಗಬೇಕೇ? ಬಿಡದಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರಿಗೆ ಯಶವಂತಪುರ ಗೊತ್ತು. 1891ರಲ್ಲಿ ಅಲ್ಲಿನ ನೆಲದಲ್ಲಿ ಇಂಥ 163 ನಾಣ್ಯಗಳು ಸಿಕ್ಕವು. ಮುಂದೆ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿಯೂ ಸಿಕ್ಕವು. ನಮ್ಮ ನಾಡಿನ ಮೆಣಸು, ಮಣಿ, ಬಟ್ಟೆ ಹಡಗೇರಿ ಹೋದವು. ಬೆಳ್ಳಿ ಈ ಕಡೆ ಬಂತು.

ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಕ್ಕಿರುವ ಒಂದು ಬಗೆಯಲ್ಲಿ, ಒಂದು ಕಡೆ ಚಕ್ರವರ್ತಿ ಅಗಸ್ಟಸ್‌ನ ಮುಖ. ಇನ್ನೊಂದು ಕಡೆ ಗುರಾಣಿ, ಈಟಿಗಳ ಜೊತೆ ನಿಂತ ಇಬ್ಬರು ಹುಡುಗರು. ಅವರು ಗಾಯಸ್ ಮತ್ತು ಲೂಸಿಯಸ್, ಅವನ ಮಗಳು ಜೂಲಿಯಾಳ ಮಕ್ಕಳು. ಗಂಡುಮಕ್ಕಳಿಲ್ಲದ ತಾತ ಮೊಮ್ಮಕ್ಕಳನ್ನೇ ದತ್ತು ತೆಗೆದುಕೊಂಡ. ಆಗ ಟಿವಿ, ಪತ್ರಿಕೆ ಎಲ್ಲಿದ್ದವು? "ನನ್ನ ನಂತರ ಇವರೇ" ಎಂದು ಊರೂರಿಗೆ ಸಾರಲು ನಾಣ್ಯವೇ ಡಂಗುರ. ಓದಲು ಬಾರದವರಿಗೂ ಚಿತ್ರ ತಿಳಿಯುತ್ತದಲ್ಲ!

ಆದರೆ ಕ್ರಿ.ಶ. 2ರಲ್ಲಿ ಲೂಸಿಯಸ್ ತೀರಿಕೊಂಡ, 4ರಲ್ಲಿ ಗಾಯಸ್. ಪಟ್ಟ ಮಲಮಗ ಟೈಬೀರಿಯಸ್‌ನ ಪಾಲಾಯಿತು. ಅವನ ನಾಣ್ಯದ ಹಿಂದೆ ಕೊಂಬೆ ಹಿಡಿದು ಕುಳಿತ ಹೆಂಗಸಿದ್ದಾಳೆ. ಅದು ಅವನ ತಾಯಿ ಲಿವಿಯಾ ಎಂದು ಹಲವರ ಮಾತು. ರಾಜರಾಗದ ಆ ಹುಡುಗರು ಮಾತ್ರ ಬೆಳ್ಳಿಯಲ್ಲಿ ಉಳಿದು, ಸಮುದ್ರ ದಾಟಿ ನಮ್ಮ ಕಡೆ ಬಂದರು.

ಈ ಕಥೆ ನಮಗೆ ಸಿಕ್ಕಿದ್ದು ನಾಣ್ಯಗಳು ಕರಗದೆ ಉಳಿದದ್ದರಿಂದ. ಬಿಡದಿಯ ಸುತ್ತ ಈಗ ಪಾಯ, ರಸ್ತೆ ಅಂತ ದಿನಾ ನೆಲ ಅಗೆಯುತ್ತಾರೆ. ಹಳೆಯ ಕಾಸು ಕಂಡರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಕಸಾಲಿಗರಿಗೆ ಕೊಡಬೇಡಿ, ಹಂಚಿಕೊಳ್ಳಬೇಡಿ. ಎಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದೂ ಕಥೆಯ ಭಾಗವೇ. ಹಿರಿಯರೇ, ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಮ್ಮ ರಾಜ್ಯದ 1962ರ ಕಾಯ್ದೆಯೇ ಇದೆ.

ಈ ವಾರದ ಕೆಲಸ: ತಾತನ ಪೆಟ್ಟಿಗೆಯಲ್ಲಿರುವ ಹಳೆಯ ನಾಣ್ಯದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್‌ನಿಂದ ಮೆಲ್ಲಗೆ ಉಜ್ಜಿ. ಎರಡೂ ಮುಖ ಮೂಡಲಿ. "ಆಗ ಈ ಕಾಸಿಗೆ ಏನು ಬರುತ್ತಿತ್ತು ತಾತ?" ಎಂದು ಕೇಳಿ, ಉತ್ತರವನ್ನು ಅದರ ಕೆಳಗೇ ಬರೆದಿಡಿ.