ಸೇಬಿನ ಮೊಗ್ಗಿಗೆ ಬಿಳಿಗೆರೆಯ ಚಳಿ ಸಾಕೇ?

‘ಬಯಲುಸೀಮೆಯಲ್ಲೂ ಸೇಬು, ಎಂಥ ಬಿಸಿಲಿಗೂ ಜಗ್ಗದ ತಳಿ’ ಎಂಬ ವಿಡಿಯೊಗಳು ತೆಂಗಿನ ಸೀಮೆಯ ಯುವಕರ ಮೊಬೈಲ್‌ಗಳಲ್ಲಿ ಓಡಾಡುತ್ತಿವೆ. 2023ರಲ್ಲಿ ಉಂಡೆ ಕೊಬ್ಬರಿ ದರ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆಗಿಂತ ಕೆಳಗಿಳಿದದ್ದನ್ನು ಕಂಡವರಿಗೆ, ಪದವಿ ಮುಗಿಸಿ ಊರಿಗೆ ಮರಳಿದವರಿಗೆ ಆಸೆ ಹುಟ್ಟುವುದು ಸಹಜ. ನಮ್ಮ ಮನೆಯಲ್ಲೂ ಅರ್ಧ ಎಕರೆಯ ಲೆಕ್ಕಾಚಾರ ನಡೆದಿದೆ. ಆದರೆ ಗಿಡ ಬಿಸಿಲು ತಡೆಯುತ್ತದೆಯೇ ಎಂಬುದಕ್ಕಿಂತ, ಮೊಗ್ಗು ಯಾವಾಗ ಒಡೆಯುತ್ತದೆ ಎಂಬುದೇ ನನಗೆ ದೊಡ್ಡ ಪ್ರಶ್ನೆ.

ಸೇಬಿನ ಮರ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ಸುಮಾರು 7 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ ಇಂತಿಷ್ಟು ಗಂಟೆ ಕಳೆದ ಮೇಲಷ್ಟೇ ಆ ನಿದ್ದೆ ತಿಳಿಯಾಗುತ್ತದೆ. ಆಮೇಲೆ ಕಾವು ಏರಿದಂತೆ ಮೊಗ್ಗು ಉಬ್ಬಿ, ಹಸಿರು ತುದಿ ಇಣುಕಿ, ಹೂ ಅರಳುತ್ತದೆ. ರೆಡ್ ಡೆಲಿಷಿಯಸ್‌ನಂಥ ತಳಿಗೆ ಸಾವಿರ ಗಂಟೆಯ ಆಸುಪಾಸು ಚಳಿ ಬೇಕು; ಇಸ್ರೇಲಿನ ಅನ್ನಾ ತಳಿಗೆ ಮುನ್ನೂರು ಗಂಟೆ ಸಾಕು. 2025ರಲ್ಲಿ ಪದ್ಮಶ್ರೀ ಪಡೆದ ಹಿಮಾಚಲದ ಹರಿಮನ್ ಶರ್ಮಾ ರೂಪಿಸಿದ ಎಚ್‌ಆರ್‌ಎಂಎನ್-99 ಕೂಡ ಕಡಿಮೆ ಚಳಿಯ ತಳಿಯೇ. ನಮ್ಮಲ್ಲಿ ಮಾಗಿಯ ಮುಂಜಾವಿನಲ್ಲೂ ಪಾದರಸ 7 ಡಿಗ್ರಿಗೆ ಇಳಿಯುವುದಿಲ್ಲವೆಂದೇ ಹೇಳಬೇಕು.

ಚಳಿ ಸಾಲದಿದ್ದರೆ ಮರ ಸಾಯುವುದಿಲ್ಲ, ಗೊಂದಲಕ್ಕೆ ಬೀಳುತ್ತದೆ. ಒಂದು ಕೊಂಬೆಯಲ್ಲಿ ಹೂ, ಇನ್ನೊಂದು ಬರಿದು. ಅನ್ನಾ ಚೆನ್ನಾಗಿ ಕಾಯಿ ಕಚ್ಚಲು ಪಕ್ಕದಲ್ಲಿ ಡಾರ್ಸೆಟ್ ಗೋಲ್ಡನ್‌ನಂಥ ಇನ್ನೊಂದು ತಳಿಯೂ ಅದೇ ದಿನಗಳಲ್ಲಿ ಅರಳಬೇಕು. ಹಿಮಾಚಲದ ಹಣ್ಣು ಬರುವ ಮುನ್ನ, ಜೂನ್ ಹೊತ್ತಿಗೆ ಮಾರುವುದೇ ಇಲ್ಲಿನ ಲಾಭದ ಗುಟ್ಟು. ಹೂ ಚದುರಿದರೆ ಕೊಯ್ಲೂ ಚದುರುತ್ತದೆ, ಆ ಲಾಭ ಕೈತಪ್ಪುತ್ತದೆ.

ಉಪಾಯವಿಲ್ಲದಿಲ್ಲ. ಇಂಡೊನೇಷ್ಯಾದ ಪೂರ್ವ ಜಾವಾದಲ್ಲಿರುವ ಬಾತುವಿನಲ್ಲಿ ಕೊಯ್ಲಿನ ನಂತರ ಎಲೆಗಳನ್ನು ಕೈಯಿಂದಲೇ ಕಿತ್ತು, ಮರ ಗಾಢ ನಿದ್ದೆಗೆ ಜಾರುವ ಮೊದಲೇ ಎಬ್ಬಿಸಿ, ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ನೀರು ನಿಲ್ಲಿಸಿ ಎಲೆ ಉದುರಿಸುವ ವಿದ್ಯೆ ನಮ್ಮ ದಾಳಿಂಬೆ ಬೆಳೆಗಾರರಿಗೂ ಗೊತ್ತು. ಆದರೆ ತೆಂಗಿನಕಾಯಿ ಕೀಳಿಸಲೇ ಆಳು ಸಿಗದ ಊರಿನಲ್ಲಿ ಎಲೆ ಕೀಳುವವರು ಯಾರು?

ಚಳಿಯೂರಿನವರೂ ನೆಮ್ಮದಿಯಾಗಿಲ್ಲ. ಚಳಿಗಾಲ ಬೆಚ್ಚಗಾದಂತೆ ಹಿಮಾಚಲದ ಸೇಬು ತೋಟಗಳು ಬೆಟ್ಟ ಹತ್ತುತ್ತಿವೆ. ಬೇಗ ಅರಳಿದ ಹೂವನ್ನು ತಡವಾಗಿ ಬಂದ ಶೀತ ಕೆಡಿಸುತ್ತದೆ.

ಹಾಗಾಗಿ ಸಸಿ ಮಾರುವವರಿಗೆ ನನ್ನದೊಂದೇ ಬೇಡಿಕೆ: ನಮ್ಮ ಸೀಮೆಯಲ್ಲೇ ನೆಟ್ಟು ನಾಲ್ಕೈದು ವರ್ಷವಾದ ತೋಟ ತೋರಿಸಿ. ಹಣ್ಣು ತೂಗುವಾಗ ಬೇಡ, ಹೂ ಬಿಡುವ ಜನವರಿ, ಫೆಬ್ರುವರಿಯಲ್ಲಿ ಕರೆದೊಯ್ಯಿರಿ.