ಜಾತ್ರೆ ಇಂಡಿಯೋದಲ್ಲಿ, ಹುಂಡಿ ಲಾಸ್ ಏಂಜಲೀಸಿನಲ್ಲಿ

2023ರ ಏಪ್ರಿಲ್‌ನಲ್ಲಿ ದಿಲ್ಜಿತ್ ದೋಸಾಂಜ್ ಕೋಚೆಲ್ಲಾ ಸಂಗೀತೋತ್ಸವದ ವೇದಿಕೆ ಹತ್ತಿ ಪಂಜಾಬಿಯಲ್ಲಿ ಹಾಡಿದಾಗ ನಮ್ಮ ಪತ್ರಿಕೆಗಳೂ ಟಿವಿಗಳೂ ಕುಣಿದಾಡಿದವು. ಆತ ನಿಂತು ಹಾಡಿದ ನೆಲ ಯಾವ ಊರಿನದು ಎಂದು ವಿಚಾರಿಸಿದವರು ಕಡಿಮೆ. ಆ ಊರಿನ ಹೆಸರು ಇಂಡಿಯೋ. ದಕ್ಷಿಣ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿದೆ. ವರ್ಷಕ್ಕೆ ಹತ್ತು ಸೆಂಟಿಮೀಟರ್ ಮಳೆಯೂ ಬೀಳದ ಜಾಗ. 2010ರಲ್ಲಿ 76 ಸಾವಿರ ಇದ್ದ ಜನಸಂಖ್ಯೆ 2020ರ ಹೊತ್ತಿಗೆ 89 ಸಾವಿರ ದಾಟಿತ್ತು. ಅವರಲ್ಲಿ ಬಹುಪಾಲು ಲ್ಯಾಟಿನೋ ಮೂಲದವರು. ಊರು ತನಗೆ ತಾನೇ ಕೊಟ್ಟುಕೊಂಡ ಬಿರುದು ‘ಹಬ್ಬಗಳ ನಗರ’. ಖರ್ಜೂರದ ಹಬ್ಬ, ಡಿಸೆಂಬರಿನಲ್ಲಿ ತಮಾಲೆ ಎಂಬ ಮೆಕ್ಸಿಕನ್ ತಿನಿಸಿನ ಹಬ್ಬ, ಕಂಟ್ರಿ ಸಂಗೀತದ ಸ್ಟೇಜ್‌ಕೋಚ್, ಇವೆಲ್ಲಕ್ಕೂ ಮೇಲೆ ಕೋಚೆಲ್ಲಾ.

ಬಿರುದೇನೋ ಸರಿ. ಆದರೆ ಹಬ್ಬದ ದುಡ್ಡಿನಲ್ಲಿ ಊರಿನ ಪಾಲೆಷ್ಟು ಎಂದು ಕೇಳಿದ ಕೂಡಲೇ ಅಲ್ಲಿ ಎಲ್ಲರ ಮುಖ ಗಂಟಾಗುತ್ತದೆ. ಈ ಪ್ರಶ್ನೆಯನ್ನು ಇಂಡಿಯೋ ಒಮ್ಮೆ ಕೇಳಿತ್ತು, ಹೆದರಿ ಹಿಂದಕ್ಕೆ ಸರಿಯಿತು. ಹೆದರಬೇಕಾಗಿರಲಿಲ್ಲ ಎಂಬುದು ನನ್ನ ವಾದ.

2012ರಲ್ಲಿ ಸ್ಯಾಮ್ ಟೊರೆಸ್ ಎಂಬ ನಗರಸಭಾ ಸದಸ್ಯರು, ಎರಡೂವರೆ ಸಾವಿರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಗಳ ಟಿಕೆಟ್ ಮೇಲೆ ಶೇ. 6ರಷ್ಟು ತೆರಿಗೆ ಹಾಕೋಣ, ಬೇಕೋ ಬೇಡವೋ ಎಂದು ಮತದಾರರನ್ನೇ ಕೇಳೋಣ ಎಂದರು. ಕೋಚೆಲ್ಲಾ ನಡೆಸುವ, ಲಾಸ್ ಏಂಜಲೀಸಿನ ಗೋಲ್ಡನ್‌ವಾಯ್ಸ್ ಸಂಸ್ಥೆಯ ಮುಖ್ಯಸ್ಥ ಪಾಲ್ ಟೊಲೆಟ್ ಕೊಟ್ಟ ಉತ್ತರ ನೇರವಾಗಿತ್ತು: ತೆರಿಗೆ ಬಂದರೆ ನಾವು ಬೇರೆ ಊರು ನೋಡಿಕೊಳ್ಳುತ್ತೇವೆ. ಅಷ್ಟು ಸಾಕಾಯಿತು. ಊರಿನ ವ್ಯಾಪಾರಿಗಳು ಟೊರೆಸ್ ಮೇಲೆಯೇ ತಿರುಗಿಬಿದ್ದರು. ತೆರಿಗೆ ಜಾರಿಗೆ ಬರಲಿಲ್ಲ. ಮರುವರ್ಷ ಆದ ಒಪ್ಪಂದದಲ್ಲಿ ಸಂಸ್ಥೆ 2030ರವರೆಗೆ ಇಂಡಿಯೋದಲ್ಲೇ ಇರುವುದಾಗಿ ಒಪ್ಪಿತು. ಪ್ರತಿ ಟಿಕೆಟ್ಟಿಗೆ ಊರಿಗೆ ಬರುತ್ತಿದ್ದ 2.33 ಡಾಲರ್ 5.01 ಡಾಲರ್‌ಗೆ ಏರಿತು. ಇಮ್ಮಡಿಗಿಂತ ಹೆಚ್ಚಾಯಿತಲ್ಲ ಎಂದು ಬೀಗಿದವರೂ ಇದ್ದರು.

ಲೆಕ್ಕ ಹಾಕಿ ನೋಡೋಣ. 2017ರಲ್ಲಿ ಕೋಚೆಲ್ಲಾ ಟಿಕೆಟ್ಟಿನಿಂದಲೇ 11.46 ಕೋಟಿ ಡಾಲರ್ ಗಳಿಸಿತು. ವರ್ಷ ವರ್ಷ ನಡೆಯುವ ಸಂಗೀತೋತ್ಸವವೊಂದು ಹತ್ತು ಕೋಟಿ ದಾಟಿದ್ದು ಅದೇ ಮೊದಲು. ಎರಡು ವಾರಾಂತ್ಯಗಳಿಗೆ ಸೇರಿ ಬಂದವರು ಎರಡೂವರೆ ಲಕ್ಷ. ತಲೆಗೆ 5.01 ಡಾಲರ್‌ನಂತೆ ಊರಿಗೆ ದಕ್ಕುವುದು ಹನ್ನೆರಡೂವರೆ ಲಕ್ಷ, ಅಂದರೆ ನೂರಕ್ಕೆ ಒಂದು ಚಿಲ್ಲರೆ. ಟೊರೆಸ್ ಹೇಳಿದ ಶೇ. 6 ಇದ್ದಿದ್ದರೆ ಸುಮಾರು 69 ಲಕ್ಷ ಆಗುತ್ತಿತ್ತು. ಇನ್ನೊಂದು ಸೂಕ್ಷ್ಮವಿದೆ. 1999ರಲ್ಲಿ ದಿನಕ್ಕೆ 50 ಡಾಲರ್ ಇದ್ದ ಟಿಕೆಟ್ ಇಂದು ವಾರಾಂತ್ಯಕ್ಕೆ ಐನೂರನ್ನು ದಾಟಿದೆ. ಟಿಕೆಟ್ ಎಷ್ಟೇ ಏರಲಿ, ಒಪ್ಪಂದದ 5.01 ಅದರ ಜೊತೆ ಏರುವಂಥದ್ದಲ್ಲ. ನಮ್ಮೂರ ಜಾತ್ರೆಯಲ್ಲಿ ಬಳೆ ಮಾರುವವಳು ಕೊಡುವ ನೆಲಬಾಡಿಗೆ ಅವಳ ವ್ಯಾಪಾರದ ಎಷ್ಟು ಪಾಲು ಎಂದು ಯಾರಾದರೂ ಹೋಲಿಸಿ ನೋಡಬೇಕು.

‘ಎದ್ದು ಹೋದರೆ?’ ಎಂಬ ಭಯಕ್ಕೆ ಬರೋಣ. ಹೋಗುವುದಾದರೂ ಎಲ್ಲಿಗೆ? ಲಕ್ಷಕ್ಕೂ ಹೆಚ್ಚು ಜನ ನಿಲ್ಲಬಹುದಾದ, ಹಸಿರು ಹುಲ್ಲಿನ, ಹಿನ್ನೆಲೆಗೆ ಬೆಟ್ಟದ ಸಾಲಿರುವ, ಲಾಸ್ ಏಂಜಲೀಸಿನಿಂದ ಎರಡು ಮೂರು ಗಂಟೆಯಲ್ಲಿ ಕಾರಿನಲ್ಲಿ ತಲುಪಬಹುದಾದ, ಕೋಚೆಲ್ಲಾ ಈಗ ನಡೆಯುವ ಎಂಪೈರ್ ಪೋಲೋ ಕ್ಲಬ್‌ನಂಥ ಮೈದಾನಗಳು ಸಾಲುಗಟ್ಟಿ ಕಾದಿಲ್ಲ. ಸಂಸ್ಥೆಗೂ ಇದು ಗೊತ್ತು. ಹೊರಡುತ್ತೇವೆಂದು ಬೆದರಿಸಿದ ಆ ದಿನಗಳಲ್ಲೇ ಅದು ಪೋಲೋ ಕ್ಲಬ್ ಸುತ್ತಮುತ್ತ 280 ಎಕರೆ ಜಮೀನು ಖರೀದಿಸಿತು. ಗಂಟುಮೂಟೆ ಕಟ್ಟುವವರು ಯಾರೂ ಹೊಲ ಕೊಳ್ಳುವುದಿಲ್ಲ. ತಮಾಷೆಯೆಂದರೆ ಸಂಗೀತದವರ ಕಣ್ಣಿಗೆ ಈ ಮೈದಾನ ಬಿದ್ದದ್ದೇ ಟಿಕೆಟ್ ಶುಲ್ಕದ ಜಗಳದಿಂದ. 1993ರಲ್ಲಿ ಪರ್ಲ್ ಜ್ಯಾಮ್ ತಂಡ ಟಿಕೆಟ್‌ಮಾಸ್ಟರ್ ಕಂಪನಿಯ ಸೇವಾಶುಲ್ಕಕ್ಕೆ ಸಿಟ್ಟಾಗಿ ದೊಡ್ಡ ಸಭಾಂಗಣಗಳನ್ನು ಬಿಟ್ಟು ಇಲ್ಲಿಗೆ ಬಂದು ಹಾಡಿತ್ತು.

ಎದುರುವಾದ ಪೊಳ್ಳಲ್ಲ, ಒಪ್ಪುತ್ತೇನೆ. 1999ರ ಮೊದಲ ಉತ್ಸವದಲ್ಲಿ ಗೋಲ್ಡನ್‌ವಾಯ್ಸ್ ಕೈಸುಟ್ಟುಕೊಂಡು ಮುಳುಗುವ ಹಂತಕ್ಕೆ ಬಂದಿತ್ತು, ಸಾಹಸ ಅವರದೇ. ಕೋಚೆಲ್ಲಾ ಮತ್ತು ಸ್ಟೇಜ್‌ಕೋಚ್‌ಗಳಿಂದ 70 ಕೋಟಿ ಡಾಲರ್ ವಹಿವಾಟು ನಡೆಯುತ್ತದೆ ಎಂದು 2016ರಲ್ಲಿ ಅಂದಾಜು ಮಾಡಿದ್ದೂ ಉಂಟು. ಆದರೆ ಅದೇ ಅಂದಾಜಿನಲ್ಲಿ ಇಂಡಿಯೋದ ಪಾಲು 10.6 ಕೋಟಿ ಮಾತ್ರ. ಕಾರಣ ಗುಟ್ಟೇನಲ್ಲ. ದುಬಾರಿ ರೆಸಾರ್ಟುಗಳು ಪಾಮ್ ಸ್ಪ್ರಿಂಗ್ಸ್, ಇಂಡಿಯನ್ ವೆಲ್ಸ್, ಲಾ ಕ್ವಿಂಟಾಗಳಲ್ಲಿವೆ. ಹಣವಂತರು ಅಲ್ಲಿ ಮಲಗಿ ಎದ್ದು, ಹಾಡು ಕೇಳಲು ಇಲ್ಲಿಗೆ ಬರುತ್ತಾರೆ. ಗದ್ದಲ ಈ ಊರಿಗೆ, ಹೋಟೆಲ್ ತೆರಿಗೆ ಆ ಊರುಗಳಿಗೆ. ಉತ್ಸವಕ್ಕೆ ಹೆಸರು ಕೊಟ್ಟ ಕಣಿವೆಯಲ್ಲಿ ಅದೇ ಹೆಸರಿನ ಪುಟ್ಟ ನಗರವೂ ಇದೆ, ಇಂಡಿಯೋದ ಮಗ್ಗುಲಲ್ಲೇ. ಕೂಲಿಕಾರರೇ ತುಂಬಿರುವ ಆ ಕೋಚೆಲ್ಲಾದ ಕಥೆ ಇನ್ನೂ ಕಷ್ಟದ್ದು.

ಬೆಳೆಯುವ ಊರಿಗೆ ದುಡ್ಡು ಬೇಕು, ಮರುಭೂಮಿಯಲ್ಲಿ ಬೆಳೆಯುವ ಊರಿಗಂತೂ ಹೆಚ್ಚೇ ಬೇಕು. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಬಿಸಿಲಿನಲ್ಲಿ ನೆರಳಿಲ್ಲದ ಬಸ್ ನಿಲ್ದಾಣ ಅನನುಕೂಲ ಮಾತ್ರವಲ್ಲ, ಅಪಾಯ. ಈ ಕಣಿವೆಯ ತೋಟಗಳು ನಿಂತಿರುವುದೇ ಕೊಲೊರಾಡೋ ನದಿಯ ನೀರನ್ನು ಇನ್ನೂರು ಕಿಲೋಮೀಟರ್ ದೂರ ತರುವ ಕಾಲುವೆಯ ಮೇಲೆ. ಆ ನದಿಗೆ 2021ರಲ್ಲಿ ಅಮೆರಿಕದ ಸರ್ಕಾರ ಮೊದಲ ಬಾರಿಗೆ ನೀರಿನ ಕೊರತೆ ಘೋಷಿಸಿತು. ಖರ್ಜೂರದ ತೋಟಗಳಿದ್ದ ಜಾಗದಲ್ಲಿ ಗೋಡೆ ಕಟ್ಟಿಕೊಂಡ ಬಡಾವಣೆಗಳೂ ಗಾಲ್ಫ್ ಹುಲ್ಲೂ ಬಂದಿವೆ. ಇವೆಲ್ಲ ಉತ್ಸವದ ತಪ್ಪೆಂದು ನಾನು ಹೇಳುತ್ತಿಲ್ಲ. ಬೊಕ್ಕಸ ತುಂಬಿಸುವ ಸುಲಭದ ದಾರಿ ಎದುರಿಗಿರುವಾಗ ನಗರಸಭೆ ಕಣ್ಣುಮುಚ್ಚಿ ಕೂತದ್ದನ್ನು ಹೇಳುತ್ತಿದ್ದೇನೆ.

ಧಣಿಗಳ ಬೆದರಿಕೆಗೆ ಸೊಪ್ಪು ಹಾಕದ ಜನ ಈ ಕಣಿವೆಗೆ ಹೊಸಬರಲ್ಲ. 1965ರ ಮೇ ತಿಂಗಳಲ್ಲಿ ಇಲ್ಲಿನ ದ್ರಾಕ್ಷಿ ತೋಟಗಳ ಫಿಲಿಪಿನೋ ಕೂಲಿಗಳು ಗಂಟೆಗೆ 1.40 ಡಾಲರ್ ಬೇಕೆಂದು ಕೆಲಸ ನಿಲ್ಲಿಸಿದರು. ಹಣ್ಣು ಕಾಯುವುದಿಲ್ಲ, ತೋಟ ಎದ್ದು ಬೇರೆ ಕಡೆ ಹೋಗುವುದೂ ಇಲ್ಲ. ಎರಡು ವಾರ ಕಳೆಯುವುದರೊಳಗೆ ಮಾಲೀಕರು ಒಪ್ಪಿದರು. ಕ್ಯಾಲಿಫೋರ್ನಿಯಾದ ಡೆಲಾನೋದಲ್ಲಿ ದ್ರಾಕ್ಷಿ ಕೂಲಿಗಳ ಚರಿತ್ರಾರ್ಹ ಮುಷ್ಕರ ಶುರುವಾದದ್ದು ಅದಾದ ಮೇಲೆ. ಇತ್ತೀಚಿನ ಉದಾಹರಣೆಯೂ ಇದೆ. ಕೃತಕ ಅಲೆಗಳ ಸರ್ಫಿಂಗ್ ಕೊಳದ ಯೋಜನೆಯೊಂದನ್ನು ಪಕ್ಕದ ಲಾ ಕ್ವಿಂಟಾ ನಗರಸಭೆ 2022ರಲ್ಲಿ ನಿವಾಸಿಗಳ ವಿರೋಧಕ್ಕೆ ಮಣಿದು ತಿರಸ್ಕರಿಸಿತು. ಅದರಿಂದ ಲಾ ಕ್ವಿಂಟಾ ದಿವಾಳಿಯೆದ್ದಿಲ್ಲ.

2013ರಲ್ಲಿ ಬರೆದುಕೊಂಡ 2030ರ ಗಡುವು ಈಗ ದೂರವಿಲ್ಲ. ಮುಂದಿನ ಮಾತುಕತೆಗೆ ಕೂರುವಾಗ ಇಂಡಿಯೋ ತಲೆಗಿಷ್ಟು ಡಾಲರ್ ಎಂಬ ಲೆಕ್ಕವನ್ನು ಬಿಟ್ಟು ಟಿಕೆಟ್ ಬೆಲೆಯಲ್ಲಿ ಶೇಕಡಾವಾರು ಪಾಲು ಕೇಳಬೇಕು. ಆ ಹಣ ನೆರಳು, ನೀರು, ಬಸ್ಸಿಗೇ ಹೋಗಬೇಕು ಎಂದು ಒಪ್ಪಂದದಲ್ಲೇ ಬರೆಸಬೇಕು. ಶೇ. 6 ಹೆಚ್ಚಾಯಿತು ಎನ್ನುವವರು ತಮ್ಮ ಅಂಕಿ ಹೇಳಲಿ, ಚೌಕಾಸಿ ಅಲ್ಲಿಂದ ಶುರುವಾಗಲಿ. 2012ರಲ್ಲಿ ಕೇಳಲು ಹೊರಟಿದ್ದ ಪ್ರಶ್ನೆಯನ್ನು ಈ ಸಲವಾದರೂ ಮತಪತ್ರದಲ್ಲಿ ಅಚ್ಚು ಹಾಕಿಸಿ ಊರಿನವರ ಕೈಗೆ ಕೊಡಲಿ. ಟೊಲೆಟ್ ಅವರಿಗೆ ಬೇರೆ ಮೈದಾನ ಹುಡುಕುವ ಸ್ವಾತಂತ್ರ್ಯ ಇದ್ದೇ ಇದೆ. ಮೊದಲು ಆ 280 ಎಕರೆಗೆ ಗಿರಾಕಿ ಹುಡುಕಬೇಕಾದೀತು.