ಮರಳಿ ಬಂದವರಿಗೆ ಏನೆನ್ನಬೇಕು?

ಕಳೆದ ವರ್ಷ ಒಂದು ಕಿರುಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುವ ಕೆಲಸ ಬಂದಿತ್ತು. ಅಮೆರಿಕದ ಒಂದು ಊರಿನಲ್ಲಿ ನೆಲೆಸಿದ ಕೊರಿಯನ್ನರು ವರ್ಷಕ್ಕೊಮ್ಮೆ ನಡೆಸುವ ಸನ್ಮಾನ ಸಮಾರಂಭದ ಚಿತ್ರ ಅದು. ಚರ್ಚಿನ ಸಭಾಂಗಣ, ಮಡಚುವ ಕುರ್ಚಿಗಳು, ಮುಂದಿನ ಸಾಲಿನಲ್ಲಿ ತೊಂಬತ್ತು ದಾಟಿದ ಏಳೆಂಟು ಮುದುಕರು. ಹಾನ್‌ಬೋಕ್ ತೊಟ್ಟ ಹುಡುಗಿಯರು ಬೀಸಣಿಗೆ ನೃತ್ಯ ಮಾಡುತ್ತಾರೆ, ಹುಡುಗರು ಡೋಲು ಬಾರಿಸುತ್ತಾರೆ, ಆಮೇಲೆ ಎಲ್ಲರಿಗೂ ಕಿಮ್ಚಿ, ಬುಲ್ಗೋಗಿಯ ಊಟ. ಅದಕ್ಕೂ ಮೊದಲು ಮಕ್ಕಳು ಸಾಲಾಗಿ ನಿಂತು, ಮಂಡಿಯೂರಿ, ನೆಲದತ್ತ ಹಣೆ ಬಾಗಿಸಿ ಆ ಮುದುಕರಿಗೆ ನಮಸ್ಕರಿಸುತ್ತಾರೆ. ನಿರೂಪಕಿ 'ವೆಟರನ್ಸ್' ಎನ್ನುತ್ತಾಳೆ. ನಾನು 'ಮಾಜಿ ಸೈನಿಕರು' ಎಂದು ಟೈಪ್ ಮಾಡಿ, ಒಂದು ಕ್ಷಣ ನೋಡಿ, ಅಳಿಸಿದೆ.

'ಮಾಜಿ' ಅರಬ್ಬಿಯಿಂದ ಬಂದ ಪದ, ಕಳೆದುಹೋದದ್ದು ಎಂದರ್ಥ. ಮಾಜಿ ಮಂತ್ರಿ, ಮಾಜಿ ಶಾಸಕ ಎನ್ನುವಾಗ ಆ ಪದ ಹೇಳುವುದು ಇಷ್ಟೇ: ಈಗ ಆ ಕುರ್ಚಿ ಇವರದಲ್ಲ. ವೇದಿಕೆಯ ಮೇಲಿನ ಬ್ಯಾನರಿನಲ್ಲಿದ್ದ ಕೊರಿಯನ್ ಪದ ಬೇರೆ: 'ಚಾಮ್‌ಜನ್ ಯೊಂಗ್ಸಾ', ಯುದ್ಧದಲ್ಲಿ ಪಾಲ್ಗೊಂಡ ಧೀರ. ಒಂದು ಪದ ಮನುಷ್ಯನನ್ನು ಅವನು ಬಿಟ್ಟ ಹುದ್ದೆಯಿಂದ ಗುರುತಿಸುತ್ತದೆ, ಇನ್ನೊಂದು ಅವನು ಮಾಡಿದ ಕೆಲಸದಿಂದ.

ಕನ್ನಡಕ್ಕೆ ಯುದ್ಧದ ಪದಗಳ ಬಡತನವಿಲ್ಲ. ಆದರೆ ಅವುಗಳ ಒಲವು ಸತ್ತವರ ಕಡೆಗೆ. ಹುತಾತ್ಮ, ವೀರಮರಣ, ವೀರಸ್ವರ್ಗ. ನಮ್ಮ ಊರೂರಿನ ವೀರಗಲ್ಲುಗಳನ್ನೇ ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಕಾಳಗ ಮುಗಿಸಿ ಮನೆಗೆ ಬಂದು, ಹೊಲ ಉತ್ತು, ಮೊಮ್ಮಕ್ಕಳನ್ನು ಎತ್ತಿಕೊಂಡವನಿಗೆ ಆ ಕಲ್ಲಿನಲ್ಲಿ ಜಾಗವಿಲ್ಲ. ಸತ್ತವನನ್ನು ಗೌರವಿಸುವುದು ಸುಲಭ. ಅವನು ಎದುರು ಮಾತಾಡುವುದಿಲ್ಲ. ಬದುಕಿ ಬಂದವನ ಮುಂದೆ ಕುಳಿತು ಅವನ ಮಾತು ಕೇಳಬೇಕಾಗುತ್ತದೆ. ಕೊರಿಯನ್ ಸಮುದಾಯದ ಈ ಸಮಾರಂಭಗಳಿಂದ ನಾವು ಕಲಿಯಬೇಕಾದದ್ದು ಇದನ್ನೇ ಎಂದು ನನಗನಿಸುತ್ತದೆ.

ಇದರ ಬಗ್ಗೆ ಅನುಮಾನ ಪಡುವವರಿದ್ದಾರೆ. ದಕ್ಷಿಣ ಕೊರಿಯಾ ಸರ್ಕಾರವೇ ಈ ಸೈನಿಕರಿಗೆ 'ಶಾಂತಿಯ ರಾಯಭಾರಿ' ಪದಕ ಕೊಡುತ್ತದೆ, ಅವರನ್ನು ಮತ್ತೆ ಕೊರಿಯಾಕ್ಕೆ ಕರೆಸಿಕೊಳ್ಳುವ ಯೋಜನೆಯನ್ನು 1975ರಿಂದ ನಡೆಸುತ್ತಿದೆ. ಇದು ರಾಜತಂತ್ರವಲ್ಲವೇ? ಯುದ್ಧದ ನೆನಪಿಗೂ ಬೀಸಣಿಗೆ ನೃತ್ಯಕ್ಕೂ ಏನು ಸಂಬಂಧ? ರಾಜತಂತ್ರ ಇದೆ, ನಿಜ. ಆದರೆ ನೃತ್ಯ ಅಲ್ಲಿರುವುದಕ್ಕೆ ಇನ್ನೂ ಸರಳವಾದ ಕಾರಣವಿದೆ. ಆ ಮುದುಕರು ಕಂಡ ಕೊರಿಯಾ ಸುಟ್ಟ ಊರುಗಳ, ಹೆಪ್ಪುಗಟ್ಟಿದ ನದಿಗಳ, ನಿರಾಶ್ರಿತರ ಸಾಲುಗಳ ಕೊರಿಯಾ. 1953ರ ಜುಲೈ 27ರಂದು ಕದನವಿರಾಮವಾಯಿತು. ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ. 36 ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತ ಆ ಯುದ್ಧಕ್ಕೆ ವಾಷಿಂಗ್ಟನ್ನಿನಲ್ಲಿ ಸ್ಮಾರಕ ಎದ್ದದ್ದು 1995ರಲ್ಲಿ, ಆಮೇಲೆ ನಡೆದ ವಿಯೆಟ್ನಾಂ ಯುದ್ಧದ ಸ್ಮಾರಕಕ್ಕಿಂತ 13 ವರ್ಷ ತಡವಾಗಿ. ಅಲ್ಲಿನವರೇ ಅದನ್ನು 'ಮರೆತ ಯುದ್ಧ' ಎಂದು ಕರೆದರು. ನಾನು ಹೋದದ್ದರಿಂದ ಏನಾಯಿತು ಎಂದು ಕೇಳಿಕೊಳ್ಳುತ್ತ ಮುದುಕನಾದವನಿಗೆ ಮಾತಿನ ಉತ್ತರ ಸಾಲದು. ಹಾಡು, ಕುಣಿತ, ಊಟ ಆ ಪ್ರಶ್ನೆಗೆ ಉತ್ತರ: ಇಷ್ಟು ಉಳಿಯಿತು.

ಈ ಕಥೆಯಲ್ಲಿ ನಮ್ಮವರೂ ಇದ್ದಾರೆ. ಭಾರತ ಆ ಯುದ್ಧಕ್ಕೆ ಹೋರಾಡುವ ಪಡೆ ಕಳಿಸಲಿಲ್ಲ, ವೈದ್ಯರನ್ನು ಕಳಿಸಿತು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ 1950ರ ನವೆಂಬರಿನಲ್ಲಿ ಕೊರಿಯಾ ತಲುಪಿತು. ಮರುವರ್ಷ ಮಾರ್ಚಿನಲ್ಲಿ ಅಮೆರಿಕನ್ ಪಡೆಯೊಂದಿಗೆ ಅದರ ಒಂದು ತಂಡ ಮುನ್ಸಾನ್ ಬಳಿ ವಿಮಾನದಿಂದ ಜಿಗಿದು, ಅಲ್ಲೇ ಗಾಯಾಳುಗಳ ಆರೈಕೆಗೆ ನಿಂತಿತು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು.

ಕದನವಿರಾಮದ ನಂತರದ ಕೆಲಸ ಇನ್ನೂ ಕಷ್ಟದ್ದು. ಸ್ವದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಏನು ಮಾಡುವುದು? ಅದಕ್ಕಾಗಿ ಐದು ತಟಸ್ಥ ರಾಷ್ಟ್ರಗಳ ಆಯೋಗ ಬಂತು. ಅಧ್ಯಕ್ಷರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಕೈದಿಗಳ ಕಾವಲಿಗೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ಅವರ ಕೆಳಗೆ ಸುಮಾರು 6,000 ಭಾರತೀಯ ಸೈನಿಕರು. ಇವರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದರು. ಹಾಗಾಗಿ ಬಂದರಿನಿಂದ ಸೇನಾರಹಿತ ವಲಯಕ್ಕೆ ಅವರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು.

ಅಲ್ಲಿ ಡೇರೆಗಳನ್ನು ಹಾಕಿದರು. ಒಬ್ಬೊಬ್ಬ ಕೈದಿಯೂ ಒಳಗೆ ಬಂದು ತನ್ನ ದೇಶದ ಪ್ರತಿನಿಧಿಯ ಮಾತು ಕೇಳಬೇಕು. ಹೊರಹೋಗಲು ಎರಡು ಬಾಗಿಲು: ಒಂದು ಊರಿಗೆ, ಇನ್ನೊಂದು ಮರಳಿ ಶಿಬಿರಕ್ಕೆ. ಆ ಡೇರೆಯೊಳಗೆ ದುಭಾಷಿಗಳೂ ಇದ್ದರು. ನನ್ನ ವೃತ್ತಿಯವರು. ಒಂದು ಪದ ತಪ್ಪಿದರೆ ಒಬ್ಬ ಮನುಷ್ಯ ತಪ್ಪು ಬಾಗಿಲಿನಿಂದ ಹೊರಟುಹೋಗಬಹುದಾದ ಅಂಥ ಅನುವಾದವನ್ನು ನೆನೆದರೆ ಇಂದಿಗೂ ನನ್ನ ಕೈ ತಣ್ಣಗಾಗುತ್ತದೆ. ಬಹುಪಾಲು ಕೈದಿಗಳು ಡೇರೆಗೆ ಬರಲೇ ಇಲ್ಲ. ಎರಡೂ ಕಡೆಯವರು ನಮ್ಮ ಸೈನಿಕರನ್ನು ಅನುಮಾನಿಸಿದರು. ಕೊನೆಗೆ ಎರಡೂ ಕೊರಿಯಾ ಬೇಡ, ಚೀನಾವೂ ಬೇಡ ಎಂದ 88 ಮಂದಿ 1954ರಲ್ಲಿ ನಮ್ಮವರ ಜೊತೆ ಹಡಗು ಹತ್ತಿ ಭಾರತಕ್ಕೆ ಬಂದರು. ಚೋಯ್ ಇನ್-ಹುನ್ 1960ರಲ್ಲಿ ಬರೆದ 'ಚೌಕ' ಕಾದಂಬರಿಯ ನಾಯಕ ಅಂಥವನೇ. ಕೊರಿಯನ್ನರು ನಮ್ಮ ಆ ಹಡಗನ್ನು ತಮ್ಮ ಸಾಹಿತ್ಯದಲ್ಲಿ ಉಳಿಸಿಕೊಂಡಿದ್ದಾರೆ, ನಾವು ಮರೆತಿದ್ದೇವೆ.

ಪೂರ್ತಿ ಮರೆತಿಲ್ಲ ಎನ್ನಬಹುದು. 2021ರ ಫೆಬ್ರವರಿಯಲ್ಲಿ ಮಡಿಕೇರಿಯ ತಿಮ್ಮಯ್ಯನವರ ಮನೆ 'ಸನ್ನಿಸೈಡ್' ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಯಾಯಿತು. ಮರುತಿಂಗಳು ದೆಹಲಿ ಕಂಟೋನ್ಮೆಂಟಿನಲ್ಲಿ ಭಾರತ-ಕೊರಿಯಾ ಸ್ನೇಹ ಉದ್ಯಾನವನ್ನು ಎರಡೂ ದೇಶಗಳ ರಕ್ಷಣಾ ಸಚಿವರು ಸೇರಿ ತೆರೆದರು. ಕೊರಿಯನ್ ಶೈಲಿಯ ಹೆಬ್ಬಾಗಿಲಿನ ಒಳಗೆ ತಿಮ್ಮಯ್ಯನವರ ಪ್ರತಿಮೆಯಿದೆ. ಒಂದು ಕಾಲಕ್ಕೆ ನೆಲಕ್ಕೆ ಕಾಲಿಡಬೇಡಿ ಎಂದವರ ದೇಶದ ಸಚಿವರು ಆ ಬಾಗಿಲಿಗೆ ಬಂದು ನಿಂತರು. ಕೃತಜ್ಞತೆಗೆ ಕೆಲವೊಮ್ಮೆ ಎಪ್ಪತ್ತು ವರ್ಷ ಬೇಕಾಗುತ್ತದೆ.

ಆದರೂ ಪ್ರತಿಮೆ ಸೇನಾಪತಿಯದು. ಡೇರೆಯ ಬಾಗಿಲಲ್ಲಿ ಚಳಿಗೆ ನಡುಗುತ್ತ ನಿಂತಿದ್ದ ಜವಾನನಿಗೆ ಬೇಕಾದದ್ದು ಪ್ರತಿಮೆಯಲ್ಲ, ಮುಂದಿನ ಸಾಲಿನಲ್ಲಿ ಒಂದು ಕುರ್ಚಿ. ಅದನ್ನು ಸರ್ಕಾರ ಹಾಕಲಾರದು. ಅಮೆರಿಕದ ಆ ಚರ್ಚಿನಲ್ಲಿ ಕುರ್ಚಿ ಹಾಕಿದವರು ವಲಸೆ ಹೋದ ಕುಟುಂಬಗಳು, ಅಂದರೆ ನಮ್ಮ ಕನ್ನಡ ಸಂಘಗಳಂಥವೇ. ನಮ್ಮ ರಾಜ್ಯೋತ್ಸವಗಳಲ್ಲೂ ಸನ್ಮಾನಕ್ಕೆ ಕೊರತೆಯಿಲ್ಲ. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲ ಇವೆ. ಪೇಟ ಏರುವುದು ಮಾತ್ರ ಸಾಮಾನ್ಯವಾಗಿ ದೇಣಿಗೆ ಕೊಟ್ಟವರ, ಬೆಂಗಳೂರಿನಿಂದ ವಿಮಾನದಲ್ಲಿ ಬಂದವರ ತಲೆಗೆ.

ಕೊರಿಯಾಕ್ಕೆ ಹೋದವರು ಇಂದು ಬದುಕಿದ್ದರೆ ತೊಂಬತ್ತು ದಾಟಿರುತ್ತಾರೆ. 1971ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರೂ ಎಪ್ಪತ್ತು ದಾಟಿದ್ದಾರೆ. ಪುಣೆ, ಸಿಕಂದರಾಬಾದ್, ದೆಹಲಿಯಂಥ ದಂಡಿನ ಊರುಗಳಲ್ಲಿ, ನಿಮ್ಮದೇ ಸಂಘದ ಸದಸ್ಯರ ಮನೆಗಳಲ್ಲಿ ಅಂಥವರು ಇದ್ದಾರು. ಈ ನವೆಂಬರಿನಲ್ಲಿ ಒಬ್ಬರನ್ನಾದರೂ ಕರೆಯಿರಿ. ಘೋಷಣೆ ಬೇಡ, ಶತ್ರುವಿನ ಹೆಸರೆತ್ತಿ ಬೈಯುವ ಭಾಷಣ ಬೇಡ. ಮಕ್ಕಳಿಂದ ಒಂದು ಡೊಳ್ಳು ಕುಣಿತ, ಎಲೆ ತುಂಬ ಊಟ, ಅವರು ಬಯಸಿದರೆ ಅರ್ಧ ಗಂಟೆ ಮಾತು. ಏನನ್ನೂ ಹೇಳಲು ಇಷ್ಟವಿಲ್ಲದಿದ್ದರೆ ಅದೂ ಸರಿ. ಊಟ ಮುಗಿಸಿ ಹೋಗಲಿ.

ಸಬ್‌ಟೈಟಲಿನಲ್ಲಿ ಕೊನೆಗೆ ನಾನು ಬರೆದದ್ದು 'ಯುದ್ಧ ಕಂಡ ಹಿರಿಯರು' ಎಂದು. ಪದಕೋಶದ ಪ್ರಕಾರ ಅದು ಸರಿಯಾದ ಅನುವಾದವಲ್ಲ. ಆದರೆ ಪರದೆಯ ಮೇಲೆ ಮಕ್ಕಳು ನಮಸ್ಕರಿಸುತ್ತಿದ್ದಾಗ ಅದರ ಕೆಳಗೆ 'ಮಾಜಿ' ಎಂದು ಬರೆಯಲು ನನ್ನಿಂದ ಆಗಲಿಲ್ಲ.